ವಿಚ್ಛೇದನದ ಸಮನ್ಸ್ ಬಂದಿದೆ, ಪತಿಯ ಕಂಪನಿಯ ಆರೋಗ್ಯ ವಿಮೆ ನನಗೆ ಉಳಿಯುತ್ತದೆಯೇ?

ಪ್ರಶ್ನೆ: ಪುಣೆಯ ಕಂಪನಿಯೊಂದರಲ್ಲಿ ನೌಕರಿ ಮಾಡುವ ನನ್ನ ಪತಿ ಬಾಗಲಕೋಟೆಯ ನ್ಯಾಯಾಲಯದಲ್ಲಿ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದಾರೆ. ನಾನೂ ಮಗಳೂ ನಾಲ್ಕು ವರ್ಷಗಳಿಂದ ಅವರ ಕಂಪನಿಯ ಗುಂಪು ವಿಮೆಯಲ್ಲಿದ್ದೇವೆ. ನನಗೆ ಸಕ್ಕರೆ ಕಾಯಿಲೆಯಿದೆ. ನನ್ನ ಹೆಸರನ್ನು ಅವರು ಈಗಲೇ ತೆಗೆಸಬಹುದೇ?

ವಕೀಲರ ಉತ್ತರ: ಅರ್ಜಿ ದಾಖಲಾದ ಮಾತ್ರಕ್ಕೆ ಮದುವೆ ಮುಗಿಯುವುದಿಲ್ಲ. ಡಿಕ್ರಿ, ಅಂದರೆ ನ್ಯಾಯಾಲಯದ ವಿಚ್ಛೇದನದ ತೀರ್ಪು, ಆಗುವವರೆಗೆ ಕಾನೂನಿನ ದೃಷ್ಟಿಯಲ್ಲಿ ನೀವು ಪತ್ನಿಯೇ. ಆದರೆ ಗುಂಪು ವಿಮೆಯ ಕರಾರು ಕಂಪನಿ ಮತ್ತು ವಿಮಾ ಸಂಸ್ಥೆಯ ನಡುವಿನದಾದ್ದರಿಂದ, ನವೀಕರಣದ ಹೊತ್ತಿಗೆ ನೌಕರನು ಕೊಡುವ ಅವಲಂಬಿತರ ಪಟ್ಟಿಯಲ್ಲಿ ನಿಮ್ಮ ಹೆಸರು ಬಿಟ್ಟುಹೋದರೂ ಅದು ನಿಮಗೆ ಗೊತ್ತಾಗದೇ ಹೋಗಬಹುದು. ನನ್ನಲ್ಲಿಗೆ ಬಂದಿದ್ದ ಜಮಖಂಡಿ ಕಡೆಯ ಹೆಣ್ಣುಮಗಳೊಬ್ಬರಿಗೆ ಈ ಸಂಗತಿ ತಿಳಿದದ್ದು ಆಸ್ಪತ್ರೆಯ ಕೌಂಟರಿನಲ್ಲಿ, ಅದೂ ಶಸ್ತ್ರಚಿಕಿತ್ಸೆಯ ಹಿಂದಿನ ಸಂಜೆ. ಆದ್ದರಿಂದ ಡಿಕ್ರಿಯ ದಿನಕ್ಕಿಂತ ನವೀಕರಣದ ದಿನಕ್ಕೆ ಹೆಚ್ಚು ಅಂಜಬೇಕು.

ಗುಂಪು ವಿಮೆಯಿಂದ ಹೊರಬೀಳುವವರು ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶವಿದೆ. ಇದಕ್ಕೆ ಮೈಗ್ರೇಷನ್ ಎನ್ನುತ್ತಾರೆ. ಪಾಲಿಸಿ ಕೊಳ್ಳುವ ಮೊದಲೇ ಇದ್ದ ಕಾಯಿಲೆಯ ಖರ್ಚು ವಿಮೆಯಿಂದ ಸಿಗಲು ಕಾಯಬೇಕಾದ ಅವಧಿಯನ್ನು 2024ರಲ್ಲಿ ಗರಿಷ್ಠ 36 ತಿಂಗಳಿಗೆ ಇಳಿಸಲಾಗಿದ್ದು, ಹೀಗೆ ಬದಲಾಯಿಸಿಕೊಂಡರೆ ನೀವು ಕಳೆದ ನಾಲ್ಕು ವರ್ಷಗಳು, ಈಗಿರುವ ವಿಮಾ ಮೊತ್ತದ ಮಟ್ಟಿಗೆ, ಲೆಕ್ಕಕ್ಕೆ ಬರುತ್ತವೆ. ನಡುವೆ ಬಿಟ್ಟು ಹೊಸ ಪಾಲಿಸಿ ಕೊಂಡರೆ ಸಕ್ಕರೆ ಕಾಯಿಲೆಗೆ ಮತ್ತೆ ಮೊದಲಿನಿಂದ ಕಾಯಬೇಕಾದೀತು. ಪ್ರೀಮಿಯಂ ಭಾರವೆನಿಸಿದರೂ ದಯವಿಟ್ಟು ಈ ಅವಕಾಶವನ್ನು ಕಳೆದುಕೊಳ್ಳಬೇಡಿ.

ಆ ಪ್ರೀಮಿಯಂ ಮತ್ತು ಔಷಧಿಯ ಖರ್ಚನ್ನು ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿನಡಿ ಮಧ್ಯಂತರ ಜೀವನಾಂಶದ (ಪ್ರಕರಣ ನಡೆಯುವಷ್ಟು ಕಾಲ ಸಿಗುವ ಜೀವನ ವೆಚ್ಚದ) ಅರ್ಜಿಯಲ್ಲಿ ಸೇರಿಸಿ, ಪ್ರಕರಣ ಮುಗಿಯುವವರೆಗೆ ಹೆಸರು ತೆಗೆಸದಂತೆ ಆದೇಶವನ್ನೂ ಕೋರಿರಿ. ಮಗಳ ವಿಷಯ ಬೇರೆ: ಡಿಕ್ರಿಯಾದರೂ ಆಕೆ ತಂದೆಗೆ ಮಗಳೇ.

ಮರುಪ್ರಶ್ನೆ: ಪಾಲಿಸಿಯ ಪ್ರತಿ ನನ್ನಲ್ಲಿಲ್ಲ, ಮೊಬೈಲಿನಲ್ಲಿ ಇ-ಕಾರ್ಡ್ ಇದೆ. ವಕೀಲರಿಗೆ ಕೊಡಲು ಹಣವೂ ಇಲ್ಲ.

ಉತ್ತರ: ಇ-ಕಾರ್ಡ್ ಸಾಕು. ಪಾಲಿಸಿ ಸಂಖ್ಯೆಯೂ ಮುಗಿಯುವ ದಿನಾಂಕವೂ ಸಾಮಾನ್ಯವಾಗಿ ಅದರಲ್ಲೇ ಇರುತ್ತವೆ. ಅದನ್ನು ಮುದ್ರಿಸಿಟ್ಟುಕೊಂಡು, ವಿಮಾ ಸಂಸ್ಥೆಗೆ ನಿಮ್ಮ ಹೆಸರಿನಲ್ಲೇ ಇಮೇಲ್ ಬರೆದು ಮೈಗ್ರೇಷನ್ ಅರ್ಜಿಯ ನಮೂನೆ ಕೇಳಿರಿ. ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಸಮನ್ಸ್ ಪ್ರತಿಯೊಂದಿಗೆ ಈ ವಾರವೇ ಹೋಗಿರಿ.