ಸಹಾಯ ಬೇಕು: ಮಗನಿಗೆ ಆಸ್ಪರ್ಜರ್ ಅಂತ ಹೇಗೆ ಹೇಳೋದು?

ನಮಸ್ಕಾರ ಎಲ್ರಿಗೂ, ನಾವು ಕಾರವಾರದವ್ರು. ಮಗನಿಗೆ 11 ವರ್ಷ, ಆರನೇ ಕ್ಲಾಸು. ಹೋದ ತಿಂಗಳು ಡಾಕ್ಟ್ರು ಆಸ್ಪರ್ಜರ್ (ಬೇರೆಯವ್ರ ಜೊತೆ ಬೆರೆಯೋದು, ಮಾತಿನ ಒಳಅರ್ಥ ಹಿಡಿಯೋದು ಕಷ್ಟ ಆಗೋ, ಹುಟ್ಟಿನಿಂದ್ಲೇ ಇರೋ ಸ್ಥಿತಿ) ಅಂದ್ರು, ರಿಪೋರ್ಟಲ್ಲಿ ಆಟಿಸಂ ಸ್ಪೆಕ್ಟ್ರಮ್ ಅಂತಿದೆ, ಕೇಳಿದ್ದಕ್ಕೆ 2013ರಲ್ಲಿ ಡಿಎಸ್‌ಎಂ-5 (ಮಾನಸಿಕ ಸಮಸ್ಯೆಗಳನ್ನ ಗುರುತಿಸೋಕೆ ಡಾಕ್ಟ್ರುಗಳು ಬಳಸೋ ಕೈಪಿಡಿ) ಬಂದ್ಮೇಲೆ ಇದೂ ಆಟಿಸಂ ಒಳಗೇ ಸೇರ್ತು ಅಂದ್ರು. ಅದು ಅರ್ಥ ಆಯ್ತು.

ಓದೋದ್ರಲ್ಲಿ ಹುಷಾರಿದ್ದಾನೆ. ಕೊಂಕಣ ರೈಲ್ವೆ ಸ್ಟೇಷನ್ ಹೆಸರು ರೋಹಾದಿಂದ ತೋಕೂರಿನವರೆಗೆ ಒಂದೂ ಬಿಡದೆ ಹೇಳ್ತಾನೆ, ಕೇಳ್ತಾ ಇದ್ರೆ ಖುಷಿ ಆಗ್ತದೆ. ಆದ್ರೆ ಶಾಲೆ ಬೆಲ್ ಹೊಡೆದ್ರೆ ಕಿವಿ ಮುಚ್ಕೊಂಡು ಕೂತ್ಬಿಡ್ತಾನೆ, ಯಾರಾದ್ರೂ "ಒಂದ್ನಿಮಿಷ ಬಂದೆ" ಅಂದ್ರೆ ಗಡಿಯಾರ ನೋಡ್ಕೊಂಡು ಒಂದೇ ನಿಮಿಷ ಕಾಯ್ತಾನೆ, ಅವ್ರು ಬರ್ಲಿಲ್ಲ ಅಂದ್ರೆ ಸುಳ್ಳು ಹೇಳಿದ್ರು ಅಂತ ಅಳು.

ದಿನದ ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದ್ವಿ, ಸ್ವಲ್ಪ ಸಮಾಧಾನ ಆಗಿದಾನೆ. ಟೀಚರ್ ಹತ್ರ ಮಾತಾಡಿದ್ಮೇಲೆ ಬೆಲ್‌ನಿಂದ ದೂರ ಕೂರಿಸ್ತಾರೆ. ಯುಡಿಐಡಿ ಕಾರ್ಡಿಗೂ (ಅಂಗವಿಕಲರಿಗೆ ಸರ್ಕಾರ ಕೊಡೋ ಗುರುತಿನ ಚೀಟಿ) ಅರ್ಜಿ ಹಾಕ್ಬೇಕು ಅಂತಿದೀವಿ.

ಸಿಕ್ಕಾಕ್ಕೊಂಡಿದ್ದು ಇಲ್ಲಿ. ಮೊನ್ನೆ ರಾತ್ರಿ ಮಲಗೋ ಹೊತ್ತಿಗೆ "ಆಯಿ, ನಂಗೇನಾಗಿದೆ? ಡಾಕ್ಟ್ರು ಔಷಧಿ ಯಾಕೆ ಕೊಡ್ಲಿಲ್ಲ?" ಅಂತ ಕೇಳ್ದ. ನಂಗೆ ಬಾಯೇ ಬರ್ಲಿಲ್ಲ. ನಾಳೆ ಹೇಳ್ತೇನೆ ಅಂದೆ, ಅವ್ನು ನಾಳೆ ಅಂದ್ರೆ ನಾಳೆನೇ ಅನ್ಕೊಳೋನು, ಈಗ ದಿನಾ ಕೇಳ್ತಾನೆ. ಅತ್ತೆ ಹೇಳ್ಬೇಡ, ಹುಡುಗ ಕುಗ್ತಾನೆ ಅಂತಾರೆ, ಇವ್ರು ಎಸ್ಸೆಸ್ಸೆಲ್ಸಿ ಆಗ್ಲಿ ಅಂತಾರೆ. ಸುಳ್ಳನ್ನ ಸಹಿಸದ ಮಗುವಿಗೆ ನಾನೇ ಮುಚ್ಚಿಡೋದು ಸರಿ ಅನ್ನಿಸ್ತಿಲ್ಲ.

10-12 ವಯಸ್ಸಿನ ಮಕ್ಕಳಿಗೆ ಹೇಳಿರೋ ಅಪ್ಪ-ಅಮ್ಮಂದಿರು ದಯವಿಟ್ಟು ತಿಳಿಸಿ, ಮೊದಲ ಮಾತು ಏನಂತ ಶುರು ಮಾಡಿದ್ರಿ? ಮನೇಲಿ ನೀವೇ ಹೇಳಿದ್ರಾ, ಕೌನ್ಸೆಲರ್ ಎದುರಿಗೆ ಹೇಳಿದ್ರಾ?