ಮನೆ ಉರಿಯುತ್ತಿರುವಾಗ ಬೆಂಕಿ ಆರಿಸುವ ದಳಗಳೇ ಬಡಿದಾಡುತ್ತಿದ್ದುದು ನಿಜವೇ?

ಕಡೂರಿನ ಮೇಷ್ಟ್ರು:

ಏಪ್ರಿಲ್ 14ರಿಂದ ಆರಂಭವಾಗುವ ಅಗ್ನಿಶಾಮಕ ಸೇವಾ ಸಪ್ತಾಹದ ಅಂಗವಾಗಿ ನಮ್ಮ ಬೇಸಿಗೆ ಶಿಬಿರದ ಮಕ್ಕಳಿಗೆ ಒಂದು ಗಂಟೆ ಮಾತನಾಡುವ ಹೊಣೆ ನನ್ನ ಪಾಲಿಗೆ ಬಂದಿದೆ. 1944ರಲ್ಲಿ ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಹಡಗು ಸ್ಫೋಟಿಸಿದಾಗ ಮಡಿದ ಸಿಬ್ಬಂದಿಯ ನೆನಪಿಗಾಗಿ ಈ ದಿನವನ್ನು ಆಚರಿಸುತ್ತಾರೆ ಎಂಬುದನ್ನು ಹೇಳಿಯೇ ಮುಗಿಸಬಹುದಿತ್ತು. ಆದರೆ ಹಿಂದಿನದನ್ನು ಕೆದಕುತ್ತಾ ಹೋದಾಗ, 19ನೇ ಶತಮಾನದ ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾ ನಗರಗಳಲ್ಲಿ ಸ್ವಯಂಸೇವಕ ದಳಗಳು ಬೆಂಕಿಯ ಮುಂದೆಯೇ ಪರಸ್ಪರ ಕೈಕೈ ಮಿಲಾಯಿಸುತ್ತಿದ್ದವು, ಅಷ್ಟರಲ್ಲಿ ಮನೆ ಬೂದಿಯಾಗುತ್ತಿತ್ತು ಎಂಬ ವಿವರ ಸಿಕ್ಕಿತು. ಕಾಸಿನ ಸಂಬಳವಿಲ್ಲದೆ, ನಡುರಾತ್ರಿ ಹಾಸಿಗೆಯಿಂದ ಎದ್ದು ಓಡಿ ಬಂದವರು ಯಾವ ಕಾರಣಕ್ಕೆ ಹೀಗೆ ಜಗಳಕ್ಕೆ ನಿಲ್ಲುತ್ತಾರೆ? ಇದು ಉತ್ಪ್ರೇಕ್ಷೆಯೇ, ಅಥವಾ ನಿಜವಾಗಿ ನಡೆದದ್ದೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ನಿವೃತ್ತ ದಳದವ, ಹಾಸನ:

ಮೇಷ್ಟ್ರೇ, ನಡೆದದ್ದು ನಿಜ. ಆ ಜಗಳದ ಬೇರು ಆಗಿನ ಪಂಪಿನಲ್ಲಿಯೇ ಇತ್ತು ಎಂಬುದು ಇಲಾಖೆಯಲ್ಲಿ ಪಂಪು, ಹೋಸುಗಳ ಜೊತೆಯಲ್ಲಿಯೇ ಆಯುಸ್ಸು ಕಳೆದ ನನ್ನ ಅಭಿಪ್ರಾಯ.

ಆಗಿನ ಯಂತ್ರವೆಂದರೆ ಗಾಲಿಗಳ ಮೇಲೆ ಕೂರಿಸಿದ ಒಂದು ತೊಟ್ಟಿ, ಅದರೊಳಗೆ ಪಂಪು, ಎರಡೂ ಬದಿಗೆ ಉದ್ದನೆಯ ಹಿಡಿಗಳು. ಅದನ್ನು ಹಗ್ಗ ಕಟ್ಟಿ ಆಳುಗಳೇ ಎಳೆದು ತರುತ್ತಿದ್ದರು. ಬೇಲೂರಿನ ತೇರು ಎಳೆಯುವುದನ್ನು ನೋಡಿದವರು ಆ ದೃಶ್ಯವನ್ನು ಊಹಿಸಿಕೊಳ್ಳಬಹುದು, ಓಟವೊಂದನ್ನು ಸೇರಿಸಿಕೊಳ್ಳಬೇಕಷ್ಟೇ. ಸ್ಥಳಕ್ಕೆ ಬಂದ ಮೇಲೆ ಎರಡೂ ಕಡೆಯ ಜನ ಸರದಿಯಂತೆ ಹಿಡಿಯನ್ನು ಒತ್ತಬೇಕು. ನಿಮಿಷಕ್ಕೆ 60 ಒತ್ತು ಸಾಮಾನ್ಯ ಗತಿ. ಜಿದ್ದಿಗೆ ಬಿದ್ದಾಗ ಅದು ಇಮ್ಮಡಿಯಾಗುತ್ತಿತ್ತು, ಆದರೆ ಆ ಗತಿಯಲ್ಲಿ ಕೆಲವೇ ನಿಮಿಷಗಳಲ್ಲಿ ತೋಳು ಸೋತು ಬೇರೆಯವರು ಕೈ ಹಚ್ಚಬೇಕಾಗುತ್ತಿತ್ತು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ನೀರಿನ ಮೂಲ ಬೆಂಕಿಯಿಂದ ದೂರವಿದ್ದರೆ ಒಂದು ಪಂಪಿನ ಹೋಸು ಸಾಲದು. ಆದ್ದರಿಂದ ಮೊದಲನೆಯ ದಳ ನದಿಯಿಂದಲೋ ನಲ್ಲಿಯಿಂದಲೋ ನೀರೆತ್ತಿ ಎರಡನೆಯ ದಳದ ತೊಟ್ಟಿಗೆ ಬಿಡಬೇಕು, ಎರಡನೆಯದು ಮೂರನೆಯದಕ್ಕೆ, ಕೊನೆಯದು ಬೆಂಕಿಗೆ. ಹಿಂದಿನವರು ತಳ್ಳುವ ನೀರನ್ನು ಮುಂದಿನವರು ಅಷ್ಟೇ ವೇಗದಲ್ಲಿ ಖಾಲಿ ಮಾಡದಿದ್ದರೆ ತೊಟ್ಟಿ ತುಂಬಿ ಉಕ್ಕಿ, ಬಣ್ಣ ಬಳಿದು ಚಿತ್ರ ಬರೆಸಿದ ಆ ಚೆಂದದ ಯಂತ್ರದ ಮೈಮೇಲೆಲ್ಲ ನೀರು ಹರಿಯುತ್ತಿತ್ತು. ಹೀಗಾದರೆ ಆ ದಳವನ್ನು ‘ತೊಳೆದರು’ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮೀಸೆ ಮಣ್ಣಾದಂತೆ. ತಮ್ಮ ಪಂಪನ್ನು ಇದುವರೆಗೆ ಯಾರೂ ತೊಳೆದಿಲ್ಲ ಎಂದು ಹೇಳಿಕೊಳ್ಳುವುದೇ ದೊಡ್ಡ ಬಿರುದು. ಉಕ್ಕಿಸಲೆಂದೇ ಹಿಂದಿನವರು ಜೀವ ಹಿಡಿದು ಒತ್ತುತ್ತಿದ್ದರು, ಉಕ್ಕದಿರಲೆಂದು ಮುಂದಿನವರೂ ಒತ್ತುತ್ತಿದ್ದರು. ನೀರು ಬೆಂಕಿಗೆ ಭರ್ಜರಿಯಾಗಿ ತಲುಪುತ್ತಿದ್ದುದೂ ಇದೇ ಜಿದ್ದಿನಿಂದ ಎಂಬುದನ್ನು ಮಕ್ಕಳಿಗೆ ಮರೆಯದೆ ಹೇಳಿ.

ಹೊಡೆದಾಟ ಹೆಚ್ಚಾಗಿ ನಲ್ಲಿಯ ಬಳಿ ನಡೆಯುತ್ತಿತ್ತು. ಗಂಟೆ ಬಾರಿಸಿದ ಕೂಡಲೇ ಗಟ್ಟಿಮುಟ್ಟಾದ ಒಬ್ಬ ಆಳು ದಳಕ್ಕಿಂತ ಮುಂದೆ ಓಡಿಹೋಗಿ, ಬೀದಿಯ ನಲ್ಲಿಯ ಮೇಲೆ ಒಂದು ಪೀಪಾಯಿ ಬೋರಲು ಹಾಕಿ, ತನ್ನವರು ಬರುವವರೆಗೂ ಅದರ ಮೇಲೆ ಕುಳಿತಿರುತ್ತಿದ್ದ. ಅವನನ್ನು ಎಬ್ಬಿಸಲು ಬಂದವರೊಡನೆ ಮಾತಿಗೆ ಮಾತು ಬೆಳೆಯುತ್ತಿತ್ತು.

ನಾನು ಚಿಕ್ಕವನಿದ್ದಾಗ ಅರಸೀಕೆರೆ ಕಡೆಯ ನಮ್ಮೂರಿನಲ್ಲಿ ರಾಗಿಹುಲ್ಲಿನ ಬಣವೆಗೆ ಬೆಂಕಿ ಬಿದ್ದಿತ್ತು. ಮೇಲಿನ ಕೇರಿಯವರು ಬಾವಿಯ ರಾಟೆ ಹಿಡಿದುಕೊಂಡಿದ್ದರು, ಕೆಳಗಿನ ಕೇರಿಯವರಿಗೆ ಹಗ್ಗ ಬಿಟ್ಟುಕೊಡಲಿಲ್ಲ. ಖಾಲಿ ಕೊಡ ಹಿಡಿದು ನಿಂತ ಹೆಂಗಸರೇ ಕೊನೆಗೆ ಇಬ್ಬರಿಗೂ ಬೈದು ಸಾಲು ಕಟ್ಟಿಸಿದರು. ಅಷ್ಟರಲ್ಲಿ ಪಕ್ಕದ ಬಣವೆಗೂ ಕಿಡಿ ಹಾರಿತ್ತು. ಹಾಗಾಗಿ ಪೀಪಾಯಿಯ ಕಥೆ ಕೇಳಿದಾಗ ನನಗೆ ಅಚ್ಚರಿಯಾಗಲಿಲ್ಲ.

ಇತಿಹಾಸ ಉಪನ್ಯಾಸಕಿ, ಚಿಕ್ಕಮಗಳೂರು:

ಹಾಸನದ ಹಿರಿಯರು ಹೇಳಿದ್ದು ಯಂತ್ರದ ಮಾತು. ಅದಕ್ಕೆ ಎರಡು ಸಂಗತಿಗಳನ್ನು ಸೇರಿಸುತ್ತೇನೆ.

ಮೊದಲಿಗೆ ಇವು ಪುಂಡರ ಗುಂಪುಗಳಾಗಿರಲಿಲ್ಲ. 1736ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಫಿಲಡೆಲ್ಫಿಯಾದಲ್ಲಿ ಕಟ್ಟಿದ ಯೂನಿಯನ್ ಫೈರ್ ಕಂಪನಿಯಲ್ಲಿ 30 ಸದಸ್ಯರಿದ್ದರು. ಪ್ರತಿಯೊಬ್ಬರೂ ಚರ್ಮದ ಬಕೆಟ್‌ಗಳನ್ನೂ, ಉರಿಯುವ ಮನೆಯ ಸಾಮಾನು ಸಾಗಿಸಲು ಚೀಲ, ಬುಟ್ಟಿಗಳನ್ನೂ ಸಿದ್ಧವಾಗಿಟ್ಟುಕೊಳ್ಳಬೇಕಿತ್ತು. ತಿಂಗಳಿಗೊಮ್ಮೆ ಸೇರಬೇಕು, ತಪ್ಪಿಸಿಕೊಂಡರೆ ದಂಡ. ಆ ದಂಡದ ಹಣದಲ್ಲಿಯೇ ಏಣಿ, ಕೊಕ್ಕೆ, ಪಂಪುಗಳನ್ನು ಕೊಳ್ಳುತ್ತಿದ್ದರು. ಸೇರಲು ಇನ್ನಷ್ಟು ಜನ ಬಂದಾಗ, ನೀವೇ ಇನ್ನೊಂದು ಕಂಪನಿ ಕಟ್ಟಿಕೊಳ್ಳಿ ಎಂದು ಹೇಳಿ ಕಳುಹಿಸಿದರು. ಹೀಗೆ ಒಂದರ ಪಕ್ಕದಲ್ಲಿ ಇನ್ನೊಂದು ಹುಟ್ಟುತ್ತಾ ಹೋಯಿತು, ಪೈಪೋಟಿಯ ಬೀಜವೂ ಅಲ್ಲಿಯೇ ಬಿತ್ತು ಎಂದು ನನಗನ್ನಿಸುತ್ತದೆ. ನೂರು ವರ್ಷ ಕಳೆಯುವಷ್ಟರಲ್ಲಿ ಕಂಪನಿಗಳು ಕೇರಿಗೊಂದು, ಜನಾಂಗಕ್ಕೊಂದು, ಪಕ್ಷಕ್ಕೊಂದು ಎಂಬಂತಾಗಿ, ಕಂಪನಿಯ ಮುಖ್ಯಸ್ಥನಾಗುವುದು ರಾಜಕೀಯದ ಮೊದಲ ಮೆಟ್ಟಿಲಾಯಿತು. ನ್ಯೂಯಾರ್ಕಿನ ಕುಖ್ಯಾತ ರಾಜಕಾರಣಿ ವಿಲಿಯಂ ಟ್ವೀಡ್ ‘ಅಮೆರಿಕಸ್’ ಎಂಬ 6ನೇ ನಂಬರಿನ ದಳದ ಮುಖ್ಯಸ್ಥನಾಗಿದ್ದವನು. ಆ ದಳದ ಪಂಪಿನ ಮೇಲಿದ್ದ ಹುಲಿಯ ಮುಖವೇ ಮುಂದೆ ಅವನ ಪಕ್ಷದ ಕೂಟವಾದ ಟ್ಯಾಮನಿ ಹಾಲ್‌ನ ಗುರುತಾಯಿತು.

ಇದೇ ದಳಗಳು ಕಷ್ಟಕಾಲದಲ್ಲಿ ಒಂದಾಗುತ್ತಿದ್ದುದೂ ಉಂಟು. 1835ರ ಡಿಸೆಂಬರಿನಲ್ಲಿ ನೀರೇ ಹೆಪ್ಪುಗಟ್ಟುವ ಚಳಿಯಲ್ಲಿ ನ್ಯೂಯಾರ್ಕಿನ ವ್ಯಾಪಾರಕೇಂದ್ರ ಹೊತ್ತಿ ಉರಿದಾಗ ಫಿಲಡೆಲ್ಫಿಯಾದ ದಳಗಳೂ ನೆರವಿಗೆ ಹೊರಟಿದ್ದವು.

ಇನ್ನು ಲಂಡನ್ನಿನ ವಿಷಯ. ಅಲ್ಲಿ 18ನೇ ಶತಮಾನದ ಆರಂಭದ ಕಾನೂನಿನಂತೆ, ಮೊದಲು ತಲುಪಿದ ಪಂಪಿಗೆ 30 ಶಿಲಿಂಗ್, ಎರಡನೆಯದಕ್ಕೆ 20, ಮೂರನೆಯದಕ್ಕೆ 10 ಶಿಲಿಂಗ್ ಬಹುಮಾನವಿತ್ತು. ಹಾಗಿರುವಾಗ ಓಟದ ಪಂದ್ಯ ನಡೆಯದೆ ಇದ್ದೀತೇ? ಅಲ್ಲಿನ ದಳಗಳನ್ನು ವಿಮಾ ಕಂಪನಿಗಳು ಸಾಕುತ್ತಿದ್ದವು, ವಿಮೆ ಮಾಡಿಸಿದ ಮನೆಯ ಗೋಡೆಗೆ ಸೀಸದ ಫಲಕ ಜಡಿಯುತ್ತಿದ್ದವು. ಫಲಕವಿಲ್ಲದ ಮನೆಯನ್ನು ಉರಿಯಲು ಬಿಟ್ಟು ಹೋಗುತ್ತಿದ್ದರು ಎಂಬ ಕಥೆಯನ್ನು ಮಾತ್ರ ಮಕ್ಕಳಿಗೆ ಹೇಳಬೇಡಿ. ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ಫಲಕವಿಲ್ಲದ ಮನೆಯ ಬೆಂಕಿ ಪಕ್ಕದ ಫಲಕವಿರುವ ಮನೆಗೆ ಹಬ್ಬುವುದಕ್ಕೆ ಎಷ್ಟು ಹೊತ್ತು ಬೇಕು? 1833ರಲ್ಲಿ ಹತ್ತು ಕಂಪನಿಗಳು ತಮ್ಮ ದಳಗಳನ್ನು ಒಂದುಗೂಡಿಸಿ, ಎಡಿನ್‌ಬರೊದಿಂದ ಬಂದ ಜೇಮ್ಸ್ ಬ್ರೇಡ್‌ವುಡ್‌ ಕೈಗೆ ಒಪ್ಪಿಸಿದವು.

ತೋಟದವ, ಮೂಡಿಗೆರೆ:

ವಿಮೆಯ ಮಾತು ಬಂದದ್ದರಿಂದ ಒಂದು ಚಿಕ್ಕ ಸಂಗತಿ. ಮನೆಯ ಮುಂದೆ ಮರವಿದ್ದರೆ ಬೆಂಕಿ ಆರಿಸಲು ಅಡ್ಡಿಯಾಗುತ್ತದೆ ಎಂದು ಫಿಲಡೆಲ್ಫಿಯಾದ ಹಳೆಯ ವಿಮಾ ಸಂಸ್ಥೆ ಅಂಥ ಮನೆಗಳಿಗೆ ವಿಮೆ ನಿರಾಕರಿಸಿದಾಗ, 1784ರಲ್ಲಿ ಅವುಗಳಿಗಾಗಿಯೇ ಇನ್ನೊಂದು ಸಂಸ್ಥೆ ಹುಟ್ಟಿ, ಹಸಿರು ಮರವನ್ನೇ ತನ್ನ ಫಲಕವಾಗಿಸಿಕೊಂಡಿತು. ಹಳೆಯ ನಿಯಮವನ್ನು ನಮ್ಮ ಮಲೆನಾಡಿಗೆ ತಂದಿದ್ದರೆ ಒಂದು ಮನೆಗೂ ವಿಮೆ ಸಿಗುತ್ತಿರಲಿಲ್ಲ!

ಜಪಾನಿನ ಎಡೊ ನಗರವನ್ನೂ ಮರೆಯಬಾರದು. ಅಲ್ಲಿ 1720ರ ಹೊತ್ತಿಗೆ ಪಟ್ಟಣಿಗರ ದಳಗಳಿಗೆ ಅಕ್ಷರಮಾಲೆಯ ಒಂದೊಂದು ಅಕ್ಷರವನ್ನೇ ಹೆಸರಾಗಿ ಕೊಟ್ಟಿದ್ದರು. ‘ಹಿ’ ಎಂದರೆ ಅವರ ಭಾಷೆಯಲ್ಲಿ ಬೆಂಕಿ, ಆದ್ದರಿಂದ ಆ ಅಕ್ಷರವನ್ನು ಕೈಬಿಟ್ಟರು. ನಮ್ಮ ಕಡೆ ಬೇಸಿಗೆಗೆ ಮೊದಲೇ ಗುಡ್ಡದ ಹುಲ್ಲು ಸವರಿ ಬೆಂಕಿ ರೇಖೆ ಬಿಡಿಸುತ್ತಾರಲ್ಲ, ಅವರು ಹಾಗೆಯೇ ಗಾಳಿ ಬೀಸುವ ದಿಕ್ಕಿನ ಮನೆಗಳನ್ನು ಕೊಕ್ಕೆಗಳಿಂದ ಕೆಡವಿ ಬೆಂಕಿಗೆ ದಾರಿ ಇಲ್ಲದಂತೆ ಮಾಡುತ್ತಿದ್ದರು. ದಳದ ಒಬ್ಬ ತಮ್ಮ ಲಾಂಛನದ ಕೋಲನ್ನು ಹಿಡಿದು ಮಾಡಿನ ಮೇಲೆ ನಿಲ್ಲಬೇಕು. ತಾನು ನಿಂತಲ್ಲಿಂದ ಬೆಂಕಿ ಮುಂದೆ ಬರಕೂಡದು ಎಂಬುದೇ ಅದರ ಅರ್ಥ. ಯಾವ ದಳದ ಕೋಲು ಮಾಡು ಹತ್ತಬೇಕು ಎಂಬುದಕ್ಕೇ ಅಲ್ಲಿ ಕಾದಾಟ. 1805ರಲ್ಲಿ ‘ಮೆ’ ಅಕ್ಷರದ ದಳದವರು ಸುಮೋ ಪೈಲ್ವಾನರ ಮೇಲೆಯೇ ಬಿದ್ದಿದ್ದರು.

ಕಡೂರಿನ ಮೇಷ್ಟ್ರು:

ಎಲ್ಲರಿಗೂ ಧನ್ಯವಾದಗಳು. ಈ ಪೈಪೋಟಿ ಕೊನೆಗೊಂಡದ್ದು ಹೇಗೆ ಎಂಬುದೊಂದು ಉಳಿಯಿತು.

ಇತಿಹಾಸ ಉಪನ್ಯಾಸಕಿ, ಚಿಕ್ಕಮಗಳೂರು:

ಹಬೆಯ ಪಂಪಿನಿಂದ. ಅದಕ್ಕೆ ನೂರು ತೋಳುಗಳು ಬೇಕಿರಲಿಲ್ಲ. ಸಿನ್ಸಿನಾಟಿ ನಗರ 1853ರಲ್ಲಿ ಹಬೆಯ ಪಂಪು ಇಟ್ಟುಕೊಂಡು ಸಂಬಳದ ದಳವನ್ನು ಕಟ್ಟಿತು. ಹೊಸ ಯಂತ್ರ ಕುಡಿಯುವುದಿಲ್ಲ, ಇಟ್ಟಿಗೆ ಎಸೆಯುವುದಿಲ್ಲ, ಅದರ ಕೊರತೆ ಒಂದೇ, ಅದು ಮತ ಹಾಕುವುದಿಲ್ಲ ಎಂದು ಅಲ್ಲಿನ ಮುಖ್ಯಸ್ಥ ಮೈಲ್ಸ್ ಗ್ರೀನ್‌ವುಡ್ ಹೇಳಿದನೆಂಬ ಮಾತು ಪ್ರಸಿದ್ಧವಾಗಿದೆ. ನ್ಯೂಯಾರ್ಕ್ 1865ರಲ್ಲಿ, ಫಿಲಡೆಲ್ಫಿಯಾ 1871ರಲ್ಲಿ ಅದೇ ದಾರಿ ಹಿಡಿದವು.

ಕಡೂರಿನ ಮೇಷ್ಟ್ರು:

ಹಾಗಾದರೆ ಭಾಷಣವನ್ನು ಅರ್ಧಕ್ಕೆ ಇಳಿಸಿ, ಅಂಗಳದಲ್ಲಿ ಮೂರು ತೊಟ್ಟಿಗಳನ್ನಿಟ್ಟು ಮಕ್ಕಳನ್ನು ಎರಡು ದಳ ಮಾಡುತ್ತೇನೆ. ಒಂದು ದಳ ಚೊಂಬಿನಿಂದ ಮೊಗೆದು ನಡುವಿನ ತೊಟ್ಟಿಗೆ ತುಂಬಲಿ, ಇನ್ನೊಂದು ಅಲ್ಲಿಂದ ಮೊಗೆದು ಕೊನೆಯ ತೊಟ್ಟಿಗೆ ಹಾಕಲಿ. ನಡುವಿನದು ಉಕ್ಕಿದರೆ ಎರಡನೆಯ ದಳ ‘ತೊಳೆಯಲ್ಪಟ್ಟಂತೆ’.

ನಿವೃತ್ತ ದಳದವ, ಹಾಸನ:

ಒಳ್ಳೆಯ ಯೋಚನೆ, ಮೇಷ್ಟ್ರೇ. ಆದರೆ ಏಪ್ರಿಲ್ ತಿಂಗಳಲ್ಲಿ, ಅದೂ ಕಡೂರಿನಲ್ಲಿ, ನೀರು ಉಕ್ಕಿಸುವ ಆಟ ಎಂದರೆ ಊರವರು ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ. ನಡುವಿನ ತೊಟ್ಟಿಯನ್ನು ತೆಂಗಿನ ಬುಡದಲ್ಲಿ ಇಡಿ.