ಸೊಂಟದ ಪಿಸ್ತೂಲು, ಮರೆತ ಕೊತ್ತಂಬರಿ ಸೊಪ್ಪು

ಶನಿವಾರ ಸಂಜೆ ಸುಬ್ಬು ಬರಿಗೈಯಲ್ಲಿ ಬಂದ. ಅರ್ಧ ಗಂಟೆ ಹಿಂದೆ ಕೊತ್ತಂಬರಿ ಸೊಪ್ಪು, ಟೊಮೆಟೊ, ಮೊಸರು ತರುತ್ತೇನೆ ಅಂತ ಹೋದವನು. ನಾವಿರುವುದು ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್ ಊರಲ್ಲಿ. ಅಂಗಡಿ ಇರುವುದು ನಾಲ್ಕೇ ನಿಮಿಷದ ದಾರಿಯಲ್ಲಿ.

"ಸೊಪ್ಪೆಲ್ಲಿ?" ಅಂದಳು ಪದ್ಮ. ಒಲೆ ಮೇಲೆ ಸಾರು ಕುದಿಯುತ್ತಿತ್ತು.

"ಸೊಪ್ಪಂತೆ ಸೊಪ್ಪು! ಜೀವ ಉಳಿಸಿಕೊಂಡು ಬಂದಿದ್ದೀನಿ. ಅಂಗಡಿಯಲ್ಲಿ ಒಬ್ಬ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ನಿಂತಿದ್ದ."

"ಏನು ಮಾಡುತ್ತಿದ್ದ?" ಅಂದೆ.

"ಬಾಳೆಹಣ್ಣು ಆರಿಸುತ್ತಿದ್ದ."

ಪೊನ್ನಪ್ಪ ಬಿದ್ದು ಬಿದ್ದು ನಕ್ಕ. ಸುಬ್ಬು ನಗಲಿಲ್ಲ. ಹವಾಯಿ ಚಪ್ಪಲಿ, ಅರ್ಧ ಚಡ್ಡಿ, ಅರವತ್ತು ದಾಟಿದ ವಯಸ್ಸು, ಒಂದೊಂದೇ ಹಣ್ಣು ಒತ್ತಿ ನೋಡುತ್ತಿದ್ದ, ಥೇಟ್ ನಮ್ಮ ಗಾಂಧಿ ಬಜಾರಿನ ತಾತ, ಆದರೆ ಸೊಂಟದಲ್ಲಿ ಪಿಸ್ತೂಲು ಅಂತ ವರ್ಣಿಸಿದ. ಸಾಮಾನು ತುಂಬುವ ತಳ್ಳುಗಾಡಿಯನ್ನು ಅಲ್ಲೇ ಬಿಟ್ಟು ಓಡಿ ಬಂದನಂತೆ.

"911ಕ್ಕೆ ಫೋನ್ ಮಾಡಬೇಕಿತ್ತು ನಾನು. ಪೊಲೀಸರು ಬಂದು ಕೋಳ ಹಾಕಿ ಎಳೆದುಕೊಂಡು ಹೋಗುತ್ತಿದ್ದರು."

"ಹಾಗೇನಾದರೂ ಮಾಡಿದ್ದರೆ ಆಮೇಲೆ ಆ ಪೊಲೀಸರೇ ಕೋರ್ಟಿಗೆ ಅಲೆಯಬೇಕಾಗುತ್ತಿತ್ತು" ಅಂದ ಶ್ರೀಧರ, ಸೋಫಾದ ಮೂಲೆಯಿಂದ. ಇವನಿಗೆ ಕೆಲಸ ಇನ್ಶೂರೆನ್ಸ್ ಕಂಪನಿಯಲ್ಲಿ. ಚಟ ಮಾತ್ರ ಕೋರ್ಟ್ ತೀರ್ಪು ಓದುವುದು. ಬೇರೆಯವರು ಪಂಚಾಂಗ ನೋಡುವ ಹಾಗೆ ಇವನು ಬೆಳಿಗ್ಗೆ ಎದ್ದು ತೀರ್ಪು ನೋಡುತ್ತಾನೆ. "ಓಹಾಯೋದಲ್ಲಿ ಎಲ್ಲರಿಗೂ ಕಾಣುವ ಹಾಗೆ ಪಿಸ್ತೂಲು ಇಟ್ಟುಕೊಳ್ಳುವುದು ತಪ್ಪಲ್ಲ ಮಾರಾಯ. ಟೊಲೀಡೊ ಕೇಸು ಗೊತ್ತಾ?"

ಗೊತ್ತಿಲ್ಲ ಅಂದರೂ ಹೇಳುತ್ತಾನೆ, ಗೊತ್ತು ಅಂದರೂ ಹೇಳುತ್ತಾನೆ. ನಾವು ಸುಮ್ಮನಿದ್ದೆವು.

"2010ರ ಬೇಸಿಗೆ. ಟೊಲೀಡೊ ಊರಲ್ಲಿ ಒಬ್ಬ ಸಂಜೆ ಹೊತ್ತು ಹೆಂಡತಿ, ಮಗಳು, ಮೊಮ್ಮಗ, ನಾಯಿ ಎಲ್ಲರನ್ನೂ ಕರೆದುಕೊಂಡು ವಾಕಿಂಗ್ ಹೊರಟಿದ್ದಾನೆ. ಸೊಂಟದಲ್ಲಿ ಪಿಸ್ತೂಲು. ಬೈಕಿನಲ್ಲಿ ಬಂದ ಒಬ್ಬ ನೋಡಿದ. ಹೀಗೆಲ್ಲ ಬಂದೂಕು ಹಿಡಿದು ಓಡಾಡುವ ಹಾಗಿಲ್ಲ ಅಂತ ಕೂಗಿದ. ಕೂಗಿ 911ಕ್ಕೆ ಫೋನ್ ಮಾಡಿದ."

"ಬುದ್ಧಿವಂತ" ಅಂದ ಸುಬ್ಬು.

"ಪೊಲೀಸ್ ಬಂದ. ಪಿಸ್ತೂಲು ಕಿತ್ತುಕೊಂಡ. ಕೈಗೆ ಕೋಳ ಹಾಕಿ ಸುಮಾರು ಅರ್ಧ ಗಂಟೆ ಕಾರಿನಲ್ಲಿ ಕೂರಿಸಿದ. ಕೊನೆಗೆ ಹೆಸರು ವಿವರ ಕೊಡಲಿಲ್ಲ ಅಂತ ಒಂದು ಚೀಟಿ ಬರೆದು ಕಳಿಸಿದ. ಆ ಚೀಟಿಯ ಕೇಸೂ ಆಮೇಲೆ ಬಿದ್ದುಹೋಯಿತು. ಆ ಮನುಷ್ಯ ಸುಮ್ನೆ ಬಿಡಲಿಲ್ಲ, ದಾವೆ ಹಾಕಿದ. 2015ರಲ್ಲಿ ಆರನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟು ಅವನ ಪರ ನಿಂತಿತು. ಬರೆದದ್ದು ಜಡ್ಜ್ ಜೆಫ್ರಿ ಸಟನ್. ಈ ಕಾನೂನಿನಿಂದ ಪೊಲೀಸರಿಗೂ ಕೆಲವು ಬೈಕ್ ಸವಾರರಿಗೂ ಒಮ್ಮೊಮ್ಮೆ ಪೇಚಾಟ ಆಗಬಹುದು, ಆದರೆ ಬೀದಿಯಲ್ಲಿ ಜನ ಬಂದೂಕು ಇಟ್ಟುಕೊಳ್ಳಬಹುದು ಅಂತ ಶಾಸನಸಭೆ ತೀರ್ಮಾನ ಮಾಡಿಯಾಗಿದೆ ಅಂದರು."

"ಬೈಕಿನವನನ್ನೂ ಬಿಡಲಿಲ್ಲವಾ!" ಪೊನ್ನಪ್ಪನಿಗೆ ಖುಷಿಯೋ ಖುಷಿ.

"ಹಾಗಾದರೆ ಪೊಲೀಸರು ಮಾತೇ ಆಡಿಸಬಾರದಾ?" ಅಂದೆ.

"ಆಡಿಸಬಹುದು. ನಮಸ್ಕಾರ, ಊಟ ಆಯ್ತಾ, ಪಿಸ್ತೂಲು ಯಾಕೆ, ಏನು ಬೇಕಾದರೂ ಕೇಳಬಹುದು. ಅವನು ಉತ್ತರ ಕೊಡದೆ ಹೋಗಲೂಬಹುದು. ತಡೆದು ನಿಲ್ಲಿಸಬೇಕಾದರೆ ಮಾತ್ರ ಏನೋ ಅಪರಾಧ ನಡೆಯುತ್ತಿದೆ ಅಂತ ಅನುಮಾನಕ್ಕೆ ಕಾರಣ ಹೇಳಬೇಕು. 1968ರ ಟೆರಿ ತೀರ್ಪು ಅದು. ಅದೂ ನಮ್ಮ ಓಹಾಯೋದ್ದೇ, ಕ್ಲೀವ್‌ಲ್ಯಾಂಡ್. ಇಬ್ಬರು ಒಂದೇ ಅಂಗಡಿಯ ಕಿಟಕಿಗೆ ಮತ್ತೆ ಮತ್ತೆ ಬಂದು ಇಣುಕಿ ಹೋಗುತ್ತಿದ್ದರು. ಪತ್ತೇದಾರನಿಗೆ 39 ವರ್ಷದ ಪೊಲೀಸ್ ಸರ್ವೀಸು. ಕಳ್ಳತನಕ್ಕೆ ಹೊಂಚು ಅಂತ ಅನಿಸಿತು, ತಡೆದು ತಡವಿದ, ಪಿಸ್ತೂಲು ಸಿಕ್ಕಿತು. ಸುಪ್ರೀಂ ಕೋರ್ಟು ಸರಿ ಅಂದಿತು."

"ನನ್ನವನೂ ಹತ್ತು ಸಲ ಬಾಳೆಹಣ್ಣು ನೋಡಿದ" ಅಂದ ಸುಬ್ಬು.

"ಬಾಳೆಹಣ್ಣಿಗೆ ಹೊಂಚು ಹಾಕುವುದು ಅಪರಾಧ ಅಲ್ಲ ಕಣೋ."

ಆಗ ಪದ್ಮ ಸೌಟು ಹಿಡಿದೇ ಹೊರಗೆ ಬಂದಳು. "ಅಂದರೆ ಯಾರು ಏನು ಹಿಡಿದು ಬಂದರೂ ಕೇಳುವ ಹಾಗಿಲ್ಲ?"

"ಹಾಗೇನಿಲ್ಲ, ಅರ್ಧ ಇಂಚಿನ ಕಥೆ ಕೇಳು" ಅಂತ ಶ್ರೀಧರ ಕಾಲು ಮೇಲೆತ್ತಿ ಕುಳಿತ. ಇವನು ಕಾಲು ಮೇಲೆತ್ತಿದರೆ ಕಥೆ ದೊಡ್ಡದು ಅಂತ ಅರ್ಥ. "ಟೆನೆಸ್ಸೀ ರಾಜ್ಯ, ನ್ಯಾಶ್‌ವಿಲ್ ಹತ್ತಿರ ರ್‍ಯಾಡ್ನರ್ ಲೇಕ್ ಪಾರ್ಕು, 2009. ಆಗ ಅಲ್ಲಿ ಪರ್ಮಿಟ್ ಇದ್ದವರು ಪಾರ್ಕಿಗೆ ಪಿಸ್ತೂಲು ತರಬಹುದಿತ್ತು. ನಳಿಗೆ 12 ಇಂಚಿಗಿಂತ ಕಡಿಮೆ ಇದ್ದರೆ ಪಿಸ್ತೂಲು. ಒಬ್ಬ ಮಹಾನುಭಾವ ಎಕೆ-47 ಥರದ್ದೊಂದು ತಂದ. ನಳಿಗೆ ಹನ್ನೊಂದೂವರೆ ಇಂಚು!"

"ಅಬ್ಬ!"

"ಇನ್ನೂ ಇದೆ. ಮೈಮೇಲೆ ಮಿಲಿಟರಿ ಬಟ್ಟೆ. ಎದೆಗೆ ಅಡ್ಡಲಾಗಿ ನೇತುಬಿಟ್ಟ ಬಂದೂಕು, ಗುಂಡು ತುಂಬಿದ್ದು. ನಳಿಗೆಯ ತುದಿಗೆ ಕಿತ್ತಳೆ ಬಣ್ಣ ಬಳಿದಿದ್ದಾನೆ. ಇಲ್ಲಿ ಆಟದ ಬಂದೂಕಿಗೆ ಇರುತ್ತದಲ್ಲ, ಆ ಬಣ್ಣ. ರೇಂಜರ್ ಹಿಡಿದು ಎರಡೂವರೆ ಗಂಟೆ ಕೂರಿಸಿ, ಎಲ್ಲ ತಪಾಸಣೆ ಮಾಡಿ ಬಿಟ್ಟ. ಇವನೂ ದಾವೆ ಹಾಕಿದ. ಇಷ್ಟೆಲ್ಲ ನೋಡಿದರೆ ಅನುಮಾನ ಬರುವುದು ಸಹಜ ಅಂದಿತು ಕೋರ್ಟು. ಸೋತ. 2012ರಲ್ಲಿ ತೀರ್ಪು ಬರೆದದ್ದು ಯಾರು ಹೇಳಿ?"

"ಅದೇ ಸಟನ್?"

"ಅದೇ ಸಟನ್! ಬಂದೂಕು ಬೇಡ ಅನ್ನುವ ಬ್ರೇಡಿ ಸೆಂಟರನ್ನೂ ಬಂದೂಕು ಬೇಕು ಅನ್ನುವ ಸೆಕೆಂಡ್ ಅಮೆಂಡ್‌ಮೆಂಟ್ ಫೌಂಡೇಶನ್ನನ್ನೂ ಒಂದೇ ಕಡೆ ನಿಲ್ಲಿಸಿದ ಅಪರೂಪದ ಮನುಷ್ಯ ಈ ಬಂದೂಕಿನವನು ಅಂತ ಬರೆದಿದ್ದಾರೆ."

ನನಗೆ ಸಟನ್ ಇಷ್ಟವಾದರು. ನಮ್ಮ ಕಡೆ ಅತ್ತೆಯನ್ನೂ ಸೊಸೆಯನ್ನೂ ಒಂದೇ ಕಡೆ ಸೇರಿಸುವವನು ಮನೆಗೆ ಬಂದ ಅಳಿಯ ಮಾತ್ರ.

ಮಿಶಿಗನ್‌ನಲ್ಲಿ ಇನ್ನೊಬ್ಬ ಇದ್ದನಂತೆ. ಚರ್ಚಿನ ಹತ್ತಿರ, ಭಾನುವಾರ, ಪಿಸ್ತೂಲು ಸಿಕ್ಕಿಸಿಕೊಂಡು ಮಕ್ಕಳ ಸಿನಿಮಾದ ಹಾಡು ಗುನುಗುತ್ತಾ ಹೋಗುತ್ತಿದ್ದ. ಅವನೂ ಸೋತ. "ಹಾಡಿದ್ದೇ ತಪ್ಪಾಯಿತಾ?" ಅಂದ ಪೊನ್ನಪ್ಪ. "ಒಬ್ಬನೇ ಹಾಡಿಕೊಳ್ಳುತ್ತಾ ಬಂದರೆ ತಲೆ ಸರಿಯಿದೆಯಾ ಅಂತ ಯಾರಿಗಾದರೂ ಅನುಮಾನ ಬರುತ್ತದೆ" ಅಂತ ಶ್ರೀಧರ ಅವನ ಕಡೆ ನೋಡಿದ. ಪೊನ್ನಪ್ಪ ಬಾತ್‌ರೂಮಿನಲ್ಲಿ ಹಾಡುವುದು ಇಡೀ ಅಪಾರ್ಟ್‌ಮೆಂಟಿಗೆ ಗೊತ್ತು.

ಪದ್ಮ ನಗಲಿಲ್ಲ. "ಇವರೆಲ್ಲ ಬದುಕಿ ಉಳಿದು ಕೋರ್ಟಿಗೆ ಹೋದರು. 2014ರಲ್ಲಿ ಇದೇ ಓಹಾಯೋದ ಬೀವರ್‌ಕ್ರೀಕ್‌ನಲ್ಲಿ ಏನಾಯಿತು? ಕಪ್ಪು ಹುಡುಗ, 22 ವರ್ಷ. ಅಂಗಡಿಯಲ್ಲಿ ಮಾರಾಟಕ್ಕಿದ್ದ ಏರ್‌ಗನ್ ಕೈಯಲ್ಲಿ ಹಿಡಿದು ಫೋನಿನಲ್ಲಿ ಮಾತಾಡುತ್ತಿದ್ದ. ಸುಬ್ಬು ಥರದವನೇ ಒಬ್ಬ 911ಕ್ಕೆ ಫೋನ್ ಮಾಡಿದ. ಪೊಲೀಸರು ಬಂದು ಗುಂಡು ಹಾರಿಸಿದರು. ಅನುಮಾನ, ಕಾರಣ ಅಂತ ಯಾರು ಲೆಕ್ಕ ಹಾಕುತ್ತಾ ಕೂತರು?"

ಸುಬ್ಬು ಚಾಚಿದ್ದ ಕಾಲು ಒಳಗೆ ಎಳೆದುಕೊಂಡ. ಶ್ರೀಧರನೂ ಕಾಲು ಕೆಳಗೆ ಬಿಟ್ಟ. ಸ್ವಲ್ಪ ಹೊತ್ತು ಸಾರು ಮಾತ್ರ ಸದ್ದು ಮಾಡಿತು.

ಕೊನೆಗೆ ಪೊನ್ನಪ್ಪನೇ ಗಂಟಲು ಸರಿಮಾಡಿಕೊಂಡ. "ನನ್ನ ಕಥೆ ಕೇಳಿ. ನಾನು ಕೊಡವ. ನಮಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ. ಬ್ರಿಟಿಷರ ಕಾಲದಿಂದ ಬಂದದ್ದು. ಪ್ರಶ್ನೆ ಮಾಡಿ ಹೈಕೋರ್ಟಿಗೆ ಹೋದರು, 2021ರಲ್ಲಿ ಕರ್ನಾಟಕ ಹೈಕೋರ್ಟು ವಿನಾಯಿತಿ ಎತ್ತಿಹಿಡಿಯಿತು. ಕೈಲ್‌ಪೊಳ್ದು ಹಬ್ಬಕ್ಕೆ ಕೋವಿ ತೊಳೆದು, ತೋಕ್‌ ಪೂ ಅನ್ನುವ ಹೂ ಸಿಕ್ಕಿಸಿ, ಪೂಜೆ ಮಾಡಿ, ತೆಂಗಿನಕಾಯಿಗೆ ಗುಂಡು ಹೊಡೆಯುತ್ತೇವೆ. ನಾನು ಹುಟ್ಟಿದಾಗ ನಮ್ಮಜ್ಜ ಅಂಗಳದಲ್ಲಿ ಒಂದು ಗುಂಡು ಹಾರಿಸಿದರಂತೆ."

"ಪಕ್ಕದ ಮನೆಯವರು ಪೊಲೀಸರಿಗೆ ಹೇಳಲಿಲ್ಲವಾ?" ಅಂದ ಸುಬ್ಬು.

"ಗಂಡು ಮಗು ಅಂತ ಲೆಕ್ಕ ಹಾಕಿ ನೋಡಲು ಬಂದರು. ಎರಡು ಗುಂಡು ಕೇಳಿದರೆ ಸಾವು ಅಂತ ಬರುತ್ತಾರೆ. ಅಂಥಾ ಮನೆಯ ಹುಡುಗ ನಾನು ಬಂದೂಕಿನ ದೇಶಕ್ಕೆ ಬಂದೆ. ಇಲ್ಲಿ ಏನು ಕಾನೂನು ಗೊತ್ತಾ? ಎಚ್‌1ಬಿ ಕೆಲಸದ ವೀಸಾದವನು ಬಂದೂಕು ಮುಟ್ಟುವ ಹಾಗಿಲ್ಲ!"

"ಬೇಟೆ ಲೈಸೆನ್ಸ್ ತೆಗೆದುಕೊಂಡರೆ ಆಗುತ್ತದೆ" ಅಂತ ಶ್ರೀಧರ ತಿದ್ದಿದ.

"ಯಾರನ್ನು ಬೇಟೆಯಾಡಲಿ, ನಿನ್ನನ್ನಾ?"

ಸಾರು ಇಳಿಯಿತು. ಕೊತ್ತಂಬರಿ ಇಲ್ಲದ ಸಾರು ಬಡಿಸುವುದಿಲ್ಲ ಅಂತ ಪದ್ಮ ಖಡಾಖಂಡಿತ ಹೇಳಿದಳು. ಸುಬ್ಬು ಮತ್ತೆ ಅಂಗಡಿಗೆ ಹೋಗಲೇಬೇಕಾಯಿತು. ಜೊತೆಗೆ ಬರುತ್ತೀರಾ ಅಂತ ಒಬ್ಬೊಬ್ಬರ ಮುಖ ನೋಡಿದ. ಶ್ರೀಧರ ಇನ್ನೊಂದು ತೀರ್ಪು ಓದಲು ಶುರು ಮಾಡಿದ್ದ. ಪೊನ್ನಪ್ಪ ಶೂ ಹಾಕಿಕೊಳ್ಳುತ್ತಾ ಬಾಗಿಲ ಹತ್ತಿರ ನಿಂತು ಸುಬ್ಬುವನ್ನು ಮೇಲಿಂದ ಕೆಳಗೆ ನೋಡಿದ. ಅಂಗಿ ಒಳಗೆ ಸಿಕ್ಕಿಸಿದ ಪ್ಯಾಂಟು. ಬೆಲ್ಟಿಗೆ, ಬಲಗಡೆ ಸೊಂಟಕ್ಕೆ, ಹದಿನೈದು ವರ್ಷದಿಂದ ಬಿಡದೆ ಹಾಕುವ ಕಪ್ಪು ಚರ್ಮದ ಮೊಬೈಲ್ ಚೀಲ.

"ಅಲ್ಲಿಂದ ಓಡಿ ಬರುವಾಗ ಕೈ ಎಲ್ಲಿತ್ತು ನಿಂದು?"

"ಫೋನ್ ಬೀಳಬಾರದು ಅಂತ ಇದರ ಮೇಲೆ. ಯಾಕೆ?"

"ಆ ತಾತ ನಿನ್ನ ನೋಡಿ ಏನಂದುಕೊಂಡನೋ! ಮೊದಲು ಅದನ್ನು ಬಿಚ್ಚಿಟ್ಟು ಬಾ."